ಓದುಗರ ಸ್ಪಂದನ: ಮ್ಯೂನಿಕ್‌ನಲ್ಲಿ ಮಗನಿಗೆ ರೂಮ್ ಸಿಗುತ್ತಿಲ್ಲ

ಕಳೆದ ವಾರದ ಸಮಸ್ಯೆ: ಮಗನಿಗೆ ಮ್ಯೂನಿಕ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಕ್ಟೋಬರ್‌ನಲ್ಲಿ ಕ್ಲಾಸು ಶುರು. ಹಾಸ್ಟೆಲ್ ಸಿಕ್ಕಿಲ್ಲ. ಆನ್‌ಲೈನ್‌ನಲ್ಲಿ ಊರ ನಡುವೆಯೇ 450 ಯೂರೋ ಬಾಡಿಗೆಗೆ ಒಂದು ರೂಮ್ ಇದೆ. ಮಾಲೀಕರು ಲಂಡನ್‌ನಲ್ಲಿದ್ದಾರಂತೆ. ಮೂರು ತಿಂಗಳ ಅಡ್ವಾನ್ಸ್ ಕಳಿಸಿದರೆ ಕೀಲಿ ಕೊರಿಯರ್ ಮಾಡುತ್ತಾರಂತೆ. ಕಳಿಸಬಹುದಾ? (ತಾಯಿಯೊಬ್ಬರು, ದಾವಣಗೆರೆ)

ಅಕ್ಕಾ, ಒಂದು ಪೈಸೆಯನ್ನೂ ಕಳಿಸಬೇಡಿ. ಮಾಲೀಕ ಬೇರೆ ದೇಶದಲ್ಲಿ, ಕೀಲಿ ಕೊರಿಯರ್‌ನಲ್ಲಿ, ಬಾಡಿಗೆ ಅರ್ಧ ರೇಟು. ಮೂರೂ ಒಟ್ಟಿಗೆ ಬಂದವು ಅಂದರೆ ಅದು ಮೋಸವೇ. ಈ ಊರಲ್ಲಿ ಹಂಚಿಕೊಂಡ ಮನೆಯ ಒಂದು ರೂಮಿಗೆ 800 ಯೂರೋ ಆಸುಪಾಸು ಇದೆ. 450ಕ್ಕೆ ಊರ ನಡುವೆ ರೂಮ್ ಖಾಲಿ ಇದ್ದರೆ ಅದು ದಾವಣಗೆರೆ ತನಕ ಬರುತ್ತಿರಲಿಲ್ಲ. ಇಲ್ಲಿನ ಕಾನೂನಿನಲ್ಲಿ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ದಾಟುವಂತಿಲ್ಲ, ಅದೂ ಹೀಟಿಂಗ್ ಖರ್ಚು ಬಿಟ್ಟ ಬಾಡಿಗೆ ಲೆಕ್ಕದಲ್ಲಿ. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕಿದೆ. ಮೊದಲ ಕಂತು ಕೊಡಬೇಕಾದ್ದು ಬಾಡಿಗೆ ಶುರುವಾದಾಗ. ಕೀಲಿ ಕೈಗೆ ಬರುವ ಮೊದಲೇ ಪೂರ್ತಿ ದುಡ್ಡು ಕೇಳುವವರ ಹತ್ತಿರ ಇನ್ನೇನು ಮಾತು? ಇನ್ನೊಂದು ವಿಷಯ. ಇಂಥವರು ನಂಬಿಸಲು ಪಾಸ್‌ಪೋರ್ಟ್ ಫೋಟೋ ಕಳಿಸುತ್ತಾರೆ. ಎಷ್ಟೋ ಸಲ ಅದು ಹಿಂದೆ ಮೋಸ ಹೋದವರದ್ದೇ ಇರುತ್ತದೆ. ನಿಮ್ಮ ಮಗ ತನ್ನದನ್ನು ಕಳಿಸಿಲ್ಲ ತಾನೇ?
(ಓದುಗರು, ಮ್ಯೂನಿಕ್)

ಮೇಡಂ, ನನ್ನ ಮಗಳೂ ಅದೇ ಊರಲ್ಲಿ ಓದುತ್ತಿದ್ದಾಳೆ. ರೂಮಿಗಿಂತ ಮೊದಲು ಬಜೆಟ್ ನೋಡಿ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ದುಡ್ಡು ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ಇಡಿಸುತ್ತಾರೆ ಅಲ್ವಾ? ತಿಂಗಳಿಗೆ 992 ಆಯಿತು. ಜರ್ಮನಿಯ ಸರ್ಕಾರ ತನ್ನ ವಿದ್ಯಾರ್ಥಿಗಳಿಗೆ ಕೊಡುವ ನೆರವಿನ ಗರಿಷ್ಠ ಮೊತ್ತವೂ 992. ಅದರಲ್ಲಿ ಬಾಡಿಗೆಗೆಂದು ಹಿಡಿದಿರುವುದು ಬರೀ 380 ಯೂರೋ! ಮ್ಯೂನಿಕ್‌ನಲ್ಲಿ 800 ಬಾಡಿಗೆಗೆ ಹೋದರೆ ಉಳಿಯುವುದು 192. ಆರೋಗ್ಯ ವಿಮೆಗೇ 140ರ ಮೇಲೆ ಬೇಕು. ಉಳಿದ 50 ಯೂರೋದಲ್ಲಿ ತಿಂಗಳಿಡೀ ಏನು ತಿನ್ನುವುದು? ಅಕೌಂಟ್ ತುಂಬಿಸಿದರೆ ಸಾಕು ಅಂತ ಕನ್ಸಲ್ಟೆನ್ಸಿಯವರು ಹೇಳುತ್ತಾರೆ. ಅದು ವೀಸಾಗೆ ಸಾಕು, ಊಟಕ್ಕಲ್ಲ. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ನಿಜ. ಆದರೆ ಮೊದಲ ಸೆಮಿಸ್ಟರ್‌ನಲ್ಲೇ ಕೆಲಸ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.
(ಓದುಗರು, ಮೈಸೂರು)

ಆಂಟಿ, ನಾನು ಮ್ಯೂನಿಕ್ ಪಕ್ಕದ ಗಾರ್ಖಿಂಗ್‌ನಲ್ಲಿ ವಿದ್ಯಾರ್ಥಿ. ಇಲ್ಲಿ ರೂಮ್ ಕೊಡುವುದು ಹೆಚ್ಚಾಗಿ ಆ ಮನೆಯಲ್ಲಿರುವ ಹುಡುಗ ಹುಡುಗಿಯರೇ. ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡುತ್ತಾರೆ. 'ಹಲೋ ಸರ್, ಐ ಆಮ್ ಇಂಟರೆಸ್ಟೆಡ್' ಅಂತ ನೂರು ಜನಕ್ಕೆ ಕಾಪಿ ಮಾಡಿ ಕಳಿಸಿದರೆ ಯಾರೂ ಉತ್ತರ ಕೊಡುವುದಿಲ್ಲ. ಜಾಹೀರಾತು ಓದಿ, ಅದಕ್ಕೆ ತಕ್ಕಂತೆ ನಾಲ್ಕು ಸಾಲು ಬರೆಯಲಿ, ಸಾಧ್ಯವಾದರೆ ಜರ್ಮನ್‌ನಲ್ಲಿ. ಏನು ಅಡುಗೆ ಮಾಡುತ್ತಾನೆ, ಸ್ವಚ್ಛತೆ ಹೇಗೆ, ಇದನ್ನೆಲ್ಲ ಕೇಳುತ್ತಾರೆ. (ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಕೂಗುತ್ತದೆ, ಅದನ್ನು ಮಾತ್ರ ಹೇಳುವುದು ಬೇಡ.)

ರಜೆಗೋ ಇಂಟರ್ನ್‌ಶಿಪ್‌ಗೋ ಹೋಗುವವರು ಎರಡು ಮೂರು ತಿಂಗಳಿಗೆ ರೂಮ್ ಬಿಟ್ಟುಕೊಡುತ್ತಾರೆ. ಮೊದಲು ಅದನ್ನು ಹಿಡಿಯಲಿ. ವಿದ್ಯಾರ್ಥಿ ಹಾಸ್ಟೆಲ್‌ಗೆ ಅರ್ಜಿಯನ್ನೂ ಹಾಕಿಡಲಿ. ಸರದಿ ಬರಲು ಸೆಮಿಸ್ಟರ್‌ಗಟ್ಟಲೆ ಆಗುತ್ತದೆ, ಆದರೆ ಬಾಡಿಗೆ ತುಂಬಾ ಕಡಿಮೆ. ಮ್ಯೂನಿಕ್ ಸುತ್ತಲಿನ ಫ್ರೈಸಿಂಗ್, ಡಾಖಾವ್ ಕಡೆಯೂ ಹುಡುಕಲಿ, ಲೋಕಲ್ ರೈಲು ಇದೆ. ಒಂದು ಮಾತ್ರ ಗಟ್ಟಿಯಾಗಿ ಕೇಳಿಕೊಳ್ಳಬೇಕು: ವಿಳಾಸ ನೋಂದಣಿಗೆ ಸಹಿ ಮಾಡಿ ಕೊಡುತ್ತೀರಾ? ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಆಗಬೇಕು. ಅದಿಲ್ಲದಿದ್ದರೆ ಟ್ಯಾಕ್ಸ್ ನಂಬರ್, ರೆಸಿಡೆನ್ಸ್ ಪರ್ಮಿಟ್ ಎಲ್ಲಾ ಸಿಕ್ಕಿಕೊಳ್ಳುತ್ತವೆ.
(ಓದುಗ, ಗಾರ್ಖಿಂಗ್)

ಇವರಿಗೆ ತಡವಾಯಿತು. ಮುಂದಿನ ವರ್ಷ ಹೋಗುವವರಿಗೆ ಹೇಳುತ್ತೇನೆ. ಎಲ್ಲರೂ ಮ್ಯೂನಿಕ್, ಬರ್ಲಿನ್ ಅಂತ ಯಾಕೆ ಮುಗಿಬೀಳಬೇಕು? ಕೆಮ್ನಿಟ್ಸ್, ಮಾಗ್ಡೆಬುರ್ಗ್ ಕಡೆ ಬಾಡಿಗೆ ಎಷ್ಟೋ ಕಡಿಮೆ, ಭಾರತದ ಹುಡುಗರೂ ಬೇಕಾದಷ್ಟಿದ್ದಾರೆ. ಸೀಟು ನೋಡುವಾಗಲೇ ಬಾಡಿಗೆಯನ್ನೂ ನೋಡಿ.
(ಓದುಗರು, ಹುಬ್ಬಳ್ಳಿ)

ದಾವಣಗೆರೆ ಅಮ್ಮನವರಿಗೆ ನಮಸ್ಕಾರ. ಮಗ ಯಾವುದೇ ರೂಮ್ ಒಪ್ಪಿಕೊಳ್ಳುವ ಮೊದಲು ಸಂಪಾದಕರ ಮೂಲಕ ನನಗೆ ವಿಳಾಸ ಕಳಿಸಿ. ಶನಿವಾರ ನನಗೆ ರಜೆ. ನಾನೇ ಹೋಗಿ, ಅಲ್ಲಿ ಮನೆ ಇದೆಯಾ ಇಲ್ಲವಾ ಅಂತ ನೋಡಿ, ಬಾಗಿಲ ಗಂಟೆ ಒತ್ತಿ ಮಾತಾಡಿಸಿ ಬರುತ್ತೇನೆ. ಆ 'ಲಂಡನ್' ಮಾಲೀಕರ ವಿಳಾಸವನ್ನೂ ಕಳಿಸಿ.
(ಓದುಗಿ, ಮ್ಯೂನಿಕ್)