ಶಿರಸಿಯ ಸಣ್ಣ ಕಂಪನಿಗೆ ವಿದೇಶಿ ಸಾಫ್ಟ್‌ವೇರ್ ತಜ್ಞ: ಉದ್ಯೋಗ ವೀಸಾ ಹೇಗೆ?

ಪ್ರಶ್ನೆ (ಶಿರಸಿಯಿಂದ)

ಮಾನ್ಯರೇ,

ನಾವು ಶಿರಸಿಯಲ್ಲಿ 14 ಜನರ ಒಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ಅಡಿಕೆ ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುವ ತಂತ್ರಾಂಶದಿಂದ ಆರಂಭಿಸಿ, ಈಗ ಅಡಿಕೆಯನ್ನು ಕ್ಯಾಮೆರಾ ಮೂಲಕ ಗುರುತಿಸಿ ದರ್ಜೆವಾರು ವಿಂಗಡಿಸುವ ಯಂತ್ರದ ತಂತ್ರಾಂಶಕ್ಕೆ ಕೈ ಹಾಕಿದ್ದೇವೆ. ಚಾಲಿ ಯಾವುದು, ಬಿಳೆಗೋಟು ಯಾವುದು, ಕೋಕಾ ಯಾವುದು ಎಂದು ಇಲ್ಲಿಯ ಅನುಭವಿ ಹೆಂಗಸರು ಒಂದು ನೋಟದಲ್ಲಿ ಹೇಳಿಬಿಡುತ್ತಾರೆ. ಅಡಿಕೆಯು ಯಂತ್ರದ ಪಟ್ಟಿಯ ಮೇಲೆ ಓಡುತ್ತಿರುವಾಗಲೇ ಅದೇ ತೀರ್ಮಾನವನ್ನು ಯಂತ್ರವೂ ಮಾಡುವಂತೆ ಬರೆಯುವುದು ನಮ್ಮ ತಂಡಕ್ಕೆ ಇನ್ನೂ ಸಾಧ್ಯವಾಗಿಲ್ಲ.

ಬ್ರೆಜಿಲ್ ದೇಶದ ಪ್ರಜೆಯೊಬ್ಬರು ಕಾಫಿ ಬೀಜ ವಿಂಗಡಿಸುವ ಯಂತ್ರಗಳಿಗೆ ಇಂಥದೇ ತಂತ್ರಾಂಶವನ್ನು ಹಲವು ವರ್ಷ ಬರೆದವರು. ಅವರು ಶಿರಸಿಗೆ ಬಂದು ನಮ್ಮೊಡನೆ ಕೆಲಸ ಮಾಡಲು ಒಪ್ಪಿದ್ದಾರೆ. ಸದ್ಯ ಅವರು ಪತ್ನಿಯೊಂದಿಗೆ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿದ್ದು, ಅಲ್ಲಿಗೆ ಬಂದು ಒಂದೂವರೆ ವರ್ಷವಾಗಿದೆ. ನಾವು ವರ್ಷಕ್ಕೆ 14.5 ಲಕ್ಷ ರೂಪಾಯಿ ಸಂಬಳ ಕೊಟ್ಟು, ಅದರ ಮೇಲೆ ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಮನೆಯನ್ನು ಕಂಪನಿಯ ಖರ್ಚಿನಲ್ಲಿ ಹಿಡಿದುಕೊಡುವ ಯೋಚನೆಯಲ್ಲಿದ್ದೇವೆ.

ನವೆಂಬರಿನಲ್ಲಿ ಅವರು ಹೇಗೂ ಪ್ರವಾಸಿ ಇ-ವೀಸಾದ ಮೇಲೆ ಗೋಕರ್ಣಕ್ಕೆ ಬರಬೇಕೆಂದಿದ್ದಾರೆ. ಆಗಲೇ ಕೆಲಸ ಶುರುಮಾಡಿ, ಇಲ್ಲಿದ್ದುಕೊಂಡೇ ಅದನ್ನು ಉದ್ಯೋಗ ವೀಸಾಗೆ ಬದಲಾಯಿಸಿಕೊಳ್ಳಬಹುದು ಎಂದು ಪರಿಚಿತರೊಬ್ಬರು ಹೇಳಿದರು. ಇದು ಸರಿಯೇ? ನಮ್ಮಷ್ಟು ಚಿಕ್ಕ ಕಂಪನಿಗೆ ವಿದೇಶಿಯರನ್ನು ಕರೆಸಿಕೊಳ್ಳುವ ಅವಕಾಶವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ 1 (ಹೊನ್ನಾವರದವನು, ಬೆಂಗಳೂರಿನಲ್ಲಿ ಕಂಪನಿಗಳ ವೀಸಾ ಕಾಗದಪತ್ರದ ಕೆಲಸ)

ಮಾನ್ಯರೇ, ಮೊದಲು ನವೆಂಬರಿನ ವಿಚಾರ, ಏಕೆಂದರೆ ತೊಂದರೆಯಾಗುವುದು ಅಲ್ಲಿಯೇ. ನಿಮ್ಮ ಪರಿಚಿತರು ಹೇಳಿದ್ದು ತಪ್ಪು. ಪ್ರವಾಸಿ ವೀಸಾದ ಮೇಲೆ ಬಂದವರು ಭಾರತದಲ್ಲಿ ನೌಕರಿ ಮಾಡುವಂತಿಲ್ಲ, ಆ ವೀಸಾವನ್ನು ಇಲ್ಲಿದ್ದುಕೊಂಡು ಉದ್ಯೋಗ ವೀಸಾಗೆ ಬದಲಾಯಿಸಿಕೊಳ್ಳಲೂ ಬರುವುದಿಲ್ಲ. ಗೋಕರ್ಣದ ಕಡಲತೀರದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತ ವಿದೇಶಿಯರನ್ನು ಕಂಡು ಇದೆಲ್ಲ ನಡೆಯುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಆದರೆ ದೂರದಿಂದ ಕೆಲಸ ಮಾಡುವವರಿಗೆಂದೇ ಪ್ರತ್ಯೇಕ ವೀಸಾ ಭಾರತದಲ್ಲಿಲ್ಲ. ಇನ್ನು ನಿಮ್ಮ ವಿಷಯದಲ್ಲಂತೂ ಸಂಬಳ ಕೊಡುವವರೇ ಇಲ್ಲಿಯವರು, ಆದ್ದರಿಂದ ಯಾವ ವಾದವೂ ನಿಲ್ಲುವುದಿಲ್ಲ. ಅವರು ಗೋಕರ್ಣ ನೋಡಿಕೊಂಡು ಹೋಗಲಿ, ಯಾಣಕ್ಕೂ ಸಹಸ್ರಲಿಂಗಕ್ಕೂ ನೀವೇ ಕರೆದುಕೊಂಡು ಹೋಗಿ, ಆದರೆ ಆ ಭೇಟಿಯಲ್ಲಿ ಕಂಪನಿಯ ಕೆಲಸವನ್ನು ಮಾತ್ರ ಮಾಡಿಸಬೇಡಿ.

ಕಂಪನಿ ಚಿಕ್ಕದೆಂಬ ಹಿಂಜರಿಕೆ ಬೇಡ. ಕರೆಸಿಕೊಳ್ಳುವ ಸಂಸ್ಥೆ ಭಾರತದಲ್ಲಿ ನೋಂದಾಯಿತವಾಗಿರಬೇಕು, ಬರುವವರು ಹೆಚ್ಚಿನ ಕೌಶಲ ಅಥವಾ ವಿದ್ಯಾರ್ಹತೆಯುಳ್ಳವರಾಗಿರಬೇಕು, ಮತ್ತು ಅರ್ಹ ಭಾರತೀಯರು ಸಾಕಷ್ಟು ಸಿಗುವ ಕೆಲಸಕ್ಕಾಗಲಿ ಸಾಮಾನ್ಯ ಗುಮಾಸ್ತಿಕೆಗಾಗಲಿ ಅವರನ್ನು ಕರೆಸುವಂತಿಲ್ಲ. ಕಡತ ನಿಲ್ಲುವುದೂ ಬೀಳುವುದೂ ಈ ಕೊನೆಯ ಷರತ್ತಿನ ಮೇಲೆ. ‘ಸಾಫ್ಟ್‌ವೇರ್ ಡೆವಲಪರ್’ ಎಂದಷ್ಟೇ ಬರೆದು ಕಳಿಸಿದರೆ, ಬೆಂಗಳೂರೆಂಬ ಊರಿರುವ ರಾಜ್ಯದಿಂದ ಈ ಅರ್ಜಿ ಏಕೆ ಬಂತು ಎಂದು ದೂತಾವಾಸದ ಅಧಿಕಾರಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಕಂಪನಿಯ ಸಮರ್ಥನಾ ಪತ್ರದಲ್ಲಿ, ನೀವು ಇಲ್ಲಿ ಅಡಿಕೆಯ ಬಗ್ಗೆ ಬರೆದದ್ದನ್ನೇ ಇನ್ನಷ್ಟು ವಿವರವಾಗಿ ಬರೆಯಿರಿ: ಯಂತ್ರ ಏನು ಮಾಡಬೇಕು, ಅದರಲ್ಲಿ ಯಾವ ಭಾಗ ನಿಮ್ಮ ತಂಡದ ಕೈ ಮೀರಿದೆ, ಹುಬ್ಬಳ್ಳಿ-ಧಾರವಾಡದಲ್ಲೋ ಬೆಂಗಳೂರಿನಲ್ಲೋ ನಿಜವಾಗಿ ಹುಡುಕಿದ್ದರೆ ಹೇಗೆ ಹುಡುಕಿದಿರಿ, ಕಾಫಿ ಬೀಜದ ಯಂತ್ರಗಳಲ್ಲಿ ಇವರು ಮಾಡಿದ ಕೆಲಸ ನಿಮಗೆ ಹೇಗೆ ನೇರವಾಗಿ ಒದಗುತ್ತದೆ, ಇವರಿಂದ ನಿಮ್ಮ ಹುಡುಗರು ಏನು ಕಲಿಯುತ್ತಾರೆ. ‘ವಿಶ್ವದರ್ಜೆಯ ಪರಿಣತ’ ಎಂಬಂಥ ವಿಶೇಷಣಗಳಿಂದ ಪ್ರಯೋಜನವಿಲ್ಲ. ಹುಡುಕದೇ ಹುಡುಕಿದ್ದೇವೆ ಎಂದು ಬರೆಯುವುದಂತೂ ಕೂಡದು, ಏಕೆಂದರೆ ಆ ಪತ್ರ ಮುಂದೆ ಪ್ರತಿ ವಿಸ್ತರಣೆಯಲ್ಲೂ ನಿಮ್ಮ ಕಡತದಲ್ಲಿರುತ್ತದೆ.

ಇನ್ನು, ಅರ್ಜಿ ಎಲ್ಲಿ ಹಾಕಬೇಕೆಂಬುದು. ಉದ್ಯೋಗ ವೀಸಾವನ್ನು ಸ್ವದೇಶದಲ್ಲಿ ಪಡೆಯಬೇಕು. ಬೇರೊಂದು ದೇಶದಲ್ಲಿ ಪಡೆಯಬೇಕಾದರೆ ಆ ದೇಶದಲ್ಲಿ ಕಾಯಂ ವಾಸ ಎರಡು ವರ್ಷ ದಾಟಿರಬೇಕು. ಒಂದೂವರೆ ವರ್ಷಕ್ಕೆ ಲಿಸ್ಬನ್‌ನ ರಾಯಭಾರ ಕಚೇರಿಯ ದಾರಿ ತೆರೆಯುವುದಿಲ್ಲ. ಅವರು ಬ್ರೆಜಿಲ್‌ಗೆ ಹೋಗಿ, ಬ್ರೆಸಿಲಿಯಾದ ರಾಯಭಾರ ಕಚೇರಿ ಅಥವಾ ಸಾವೊ ಪಾಲೊದ ಕಾನ್ಸುಲೇಟ್, ಇವೆರಡರಲ್ಲಿ ತಮ್ಮ ಊರು ಯಾವುದರ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಅರ್ಜಿ ಹಾಕುವುದು ನೇರವಾದ ಮಾರ್ಗ. ಪದವಿಪತ್ರ, ಅನುಭವಪತ್ರಗಳು ಪೋರ್ಚುಗೀಸ್ ಭಾಷೆಯಲ್ಲಿದ್ದರೆ ಅಧಿಕೃತ ಇಂಗ್ಲಿಷ್ ಅನುವಾದವನ್ನು ಈಗಲೇ ಮಾಡಿಸಿಡಲಿ.

ಐಟಿ ಕ್ಷೇತ್ರದ ತಜ್ಞರಿಗೆ 3 ವರ್ಷದವರೆಗೆ ಅಥವಾ ಕರಾರಿನ ಅವಧಿಯವರೆಗೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ, ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಸಿಗಬಹುದು. ಆ ಬಳಿಕ ವರ್ಷ ವರ್ಷಕ್ಕೆ ವಿಸ್ತರಿಸುತ್ತ, ಮೊದಲ ವೀಸಾ ಕೊಟ್ಟ ದಿನದಿಂದ ಒಟ್ಟು 5 ವರ್ಷದವರೆಗೆ ಇರಬಹುದು. ವೀಸಾದ ಮೇಲೆ ನಿಮ್ಮ ಕಂಪನಿಯ ಹೆಸರೇ ಇರುತ್ತದೆ. ಪತ್ನಿಗೆ ಅವಲಂಬಿತರಿಗೆ ಕೊಡುವ ಎಕ್ಸ್ ವೀಸಾ ಸಿಗುತ್ತದೆ, ಆದರೆ ಅದರ ಮೇಲೆ ಅವರು ಇಲ್ಲಿ ನೌಕರಿ ಮಾಡುವಂತಿಲ್ಲ. ಇದನ್ನು ಆ ದಂಪತಿಗೆ ಈಗಲೇ ಸ್ಪಷ್ಟವಾಗಿ ತಿಳಿಸಿರಿ. ಮನೆಯವರಿಗೆ ಒಗ್ಗದಿದ್ದರೆ ಬಂದವರು ನಿಲ್ಲುವುದಿಲ್ಲ.

ಸಂಬಳದ ಬಗ್ಗೆ ಲೆಕ್ಕ ಬಲ್ಲವರು ಹೇಳುವುದು ಒಳಿತು. ನಿಮ್ಮ 14.5 ಲಕ್ಷ ಸಾಲದು ಎಂಬುದು ನನ್ನ ಅಭಿಪ್ರಾಯ.

ಉತ್ತರ 2 (ಕುಮಟಾ, ಲೆಕ್ಕಪರಿಶೋಧಕಿ)

ಮೇಲಿನವರ ಅಭಿಪ್ರಾಯ ಸರಿ. ಉದ್ಯೋಗ ವೀಸಾಕ್ಕೆ ವಾರ್ಷಿಕ ಸಂಬಳ 16.25 ಲಕ್ಷ ರೂಪಾಯಿಗೆ ಮೇಲ್ಪಟ್ಟಿರಬೇಕು. ಹಿಂದೆ ಇದನ್ನು 25,000 ಡಾಲರ್ ಎಂದು ಹೇಳುತ್ತಿದ್ದರು. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಅಲ್ಲದ ಭಾಷೆಯ ಶಿಕ್ಷಕರು ಮತ್ತು ಅನುವಾದಕರಂಥ ಕೆಲವರಿಗೆ ಮಾತ್ರ ವಿನಾಯಿತಿ ಇದೆ, ಸಾಫ್ಟ್‌ವೇರಿನವರಿಗೆ ಇಲ್ಲ. ಶಿರಸಿಯಲ್ಲಿ ಜೀವನವೆಚ್ಚ ಕಡಿಮೆಯೆಂದು ಮಿತಿ ಇಳಿಯುವುದಿಲ್ಲ. ನಮ್ಮ ಜಿಲ್ಲೆಯಂಥ ಕಡೆಗಳಿಗೆ ಇದು ಭಾರವೇ, ಆದರೂ ಈಗಿರುವ ನಿಯಮ ಅದು.

ನಗದಾಗಿ ಕೊಡುವ ಸಂಬಳ, ಭತ್ಯೆಗಳ ಜೊತೆಗೆ ಮನೆಯಂಥ ಸೌಲಭ್ಯವನ್ನೂ ಈ ಮಿತಿಗೆ ಲೆಕ್ಕ ಹಿಡಿಯಬಹುದು. ಆದರೆ ಆದಾಯ ತೆರಿಗೆಗಾಗಿ ಸಂಬಳದಲ್ಲಿ ಸೇರಿಸುವಷ್ಟು ಮೌಲ್ಯವನ್ನು ಮಾತ್ರ ಹಿಡಿಯಬೇಕು. ಅನೇಕರು ಎಡವುವುದು ಇಲ್ಲಿ. ನೀವು ವರ್ಷಕ್ಕೆ 1.8 ಲಕ್ಷ ಬಾಡಿಗೆ ಕಟ್ಟುತ್ತೀರಿ, 14.5ಕ್ಕೆ ಅದನ್ನು ಕೂಡಿಸಿದರೆ 16.3 ಆಗಿ ಮಿತಿ ದಾಟಿದಂತೆ ಕಾಣುತ್ತದೆ. ಆದರೆ ಕಂಪನಿ ಬಾಡಿಗೆಗೆ ಹಿಡಿದುಕೊಟ್ಟ ಮನೆಯ ತೆರಿಗೆ ಮೌಲ್ಯವೆಂದರೆ ನಿಜವಾದ ಬಾಡಿಗೆ ಅಥವಾ ಸಂಬಳದ ಶೇ. 10, ಇವೆರಡರಲ್ಲಿ ಕಡಿಮೆಯದು. 14.5 ಲಕ್ಷದ ಶೇ. 10 ಎಂದರೆ 1.45 ಲಕ್ಷ, ಒಟ್ಟು 15.95 ಲಕ್ಷ. ಮಿತಿಗೆ 30,000 ಕಡಿಮೆ ಬಿತ್ತು. ಸಂಬಳವನ್ನೇ 15 ಲಕ್ಷ ಮಾಡಿದರೆ ಮನೆಯ ಮೌಲ್ಯ 1.5 ಲಕ್ಷವಾಗಿ ಒಟ್ಟು 16.5 ಲಕ್ಷಕ್ಕೆ ಬರುತ್ತದೆ.

ಆದರೂ ನನ್ನ ಸಲಹೆ ಬೇರೆ. ಮನೆಯ ಲೆಕ್ಕವನ್ನೇ ತರದೆ, ನಗದು ಸಂಬಳವನ್ನೇ 16.25 ಲಕ್ಷದ ಮೇಲಿಟ್ಟು, ಬಾಡಿಗೆಯನ್ನು ಅವರೇ ಕಟ್ಟಿಕೊಳ್ಳುವಂತೆ ಕರಾರು ಮಾಡಿರಿ. ನಿಮಗೆ ಬೀಳುವ ಒಟ್ಟು ಖರ್ಚು ಹೆಚ್ಚುಕಡಿಮೆ ಅಷ್ಟೇ, ಆದರೆ ಸಾವೊ ಪಾಲೊದಲ್ಲಿ ಕುಳಿತ ಅಧಿಕಾರಿಗೆ ನಮ್ಮ ತೆರಿಗೆ ನಿಯಮವನ್ನು ವಿವರಿಸುವ ಪ್ರಸಂಗ ಬರುವುದಿಲ್ಲ. ಕರಾರಿನಲ್ಲಿ ಮೊತ್ತ ರೂಪಾಯಿಯಲ್ಲಿರಲಿ, ತೆರಿಗೆ ಕಡಿತದ ಹೊಣೆ ಕಂಪನಿಯದೆಂದೂ ಬರೆದಿರಲಿ.

ಅವರು ಬಂದೊಡನೆ ಪ್ಯಾನ್ ಮಾಡಿಸಿ. ಒಂದು ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ಅವರು ತೆರಿಗೆಯ ದೃಷ್ಟಿಯಿಂದ ನಿವಾಸಿಯಾಗುತ್ತಾರೆ. ಅದಕ್ಕಿಂತ ಕಡಿಮೆ ದಿನ ಇದ್ದರೂ ಇಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಇಲ್ಲಿಯೇ ತೆರಿಗೆ. ಭವಿಷ್ಯನಿಧಿ ಕಾನೂನು 20 ಜನರಿರುವ ಸಂಸ್ಥೆಗಳಿಂದ ಅನ್ವಯಿಸುವುದರಿಂದ ಸದ್ಯಕ್ಕೆ ನಿಮಗೆ ಅದರ ಚಿಂತೆಯಿಲ್ಲ. ಕಂಪನಿ ಬೆಳೆದು ಅದರ ವ್ಯಾಪ್ತಿಗೆ ಬಂದಾಗ, ವಿದೇಶಿ ನೌಕರರಿಗೆ ಬೇರೆಯೇ ನಿಯಮಗಳಿವೆ ಎಂಬುದು ನೆನಪಿರಲಿ.

ಉತ್ತರ 3 (ಗೋಕರ್ಣ, ಹೋಮ್‌ಸ್ಟೇ ನಡೆಸುವವನು)

ವೀಸಾದ ಬಗ್ಗೆ ಹೇಳುವಷ್ಟು ನಾನು ತಿಳಿದವನಲ್ಲ. ಆದರೆ ಅವರು ಬಂದಿಳಿದ ಮೇಲಿನ ಒಂದು ಕೆಲಸ ನಮಗೆ ನಿತ್ಯದ್ದು, ಶಿರಸಿಯ ಮನೆ ಮಾಲೀಕರಿಗೆ ಹೊಸದಾಗಿರಬಹುದು. ವಿದೇಶಿಯರು ಯಾರ ಮನೆಯಲ್ಲಿ ಉಳಿಯುತ್ತಾರೋ ಅವರು 24 ಗಂಟೆಯೊಳಗೆ ಅದನ್ನು ಆನ್‌ಲೈನ್‌ನಲ್ಲಿ ತಿಳಿಸಬೇಕು. ನಾವೆಲ್ಲ ಇದನ್ನು ಸಿ ಫಾರಂ ಎನ್ನುತ್ತೇವೆ. ಹೋಟೆಲ್, ಹೋಮ್‌ಸ್ಟೇಗಳಂತೆ ಬಾಡಿಗೆಗೆ ಮನೆ ಕೊಟ್ಟವರೂ ಇದನ್ನು ಮಾಡಬೇಕು. ಅದಕ್ಕಾಗಿ ಮಾಲೀಕರು ಮೊದಲೇ ತಮ್ಮ ಹೆಸರು, ಮನೆಯ ವಿಳಾಸ ಕೊಟ್ಟು ಖಾತೆ ತೆರೆದಿರಬೇಕು. ಅತಿಥಿ ಬಾಗಿಲಲ್ಲಿ ನಿಂತ ದಿನ ಖಾತೆ ತೆರೆಯಲು ಹೊರಟರೆ ಎಲ್ಲರಿಗೂ ಕಷ್ಟ. ಮನೆ ಗೊತ್ತುಮಾಡುವಾಗಲೇ ಮಾಲೀಕರಿಗೆ ಈ ವಿಷಯ ಹೇಳಿರಿ. ‘ಪೋಲೀಸ್ ಉಸಾಬರಿ ಬೇಡ’ ಎಂದು ಆಮೇಲೆ ಹಿಂದೆ ಸರಿಯುವ ಮಾಲೀಕರಿದ್ದಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಂಬಳವನ್ನು 16.5 ಲಕ್ಷ ನಗದಾಗಿ ಕೊಡುವುದೆಂದೂ, ಮನೆಯ ಬಾಡಿಗೆ ಅವರದೇ ಎಂದೂ ಪಾಲುದಾರರೆಲ್ಲ ಸೇರಿ ಒಪ್ಪಿದ್ದೇವೆ. ಅವರು ಬ್ರೆಜಿಲ್‌ಗೆ ಹೋಗಿ ಅರ್ಜಿ ಹಾಕಲೂ ಸಿದ್ಧರಿದ್ದಾರೆ. ಎರಡು ಸಂದೇಹಗಳು ಉಳಿದಿವೆ. ಅಡಿಕೆ ಕೊಯ್ಲು ಮುಗಿಯುವುದರೊಳಗೆ ಯಂತ್ರದ ಪರೀಕ್ಷೆ ಶುರುವಾಗಬೇಕಿರುವುದರಿಂದ, ವೀಸಾ ಬರುವ ತನಕ ಅವರು ಲಿಸ್ಬನ್‌ನಲ್ಲಿದ್ದುಕೊಂಡೇ ನಮಗೆ ಕೆಲಸ ಮಾಡಿಕೊಡಬಹುದೇ? ಬಂದ ಮೇಲೆ ನೋಂದಣಿಗೆಂದು ಬೆಂಗಳೂರಿಗೆ ಓಡಾಡಬೇಕೇ?

ಉತ್ತರ 2ರವರಿಂದ

ಲಿಸ್ಬನ್‌ನಿಂದ ಮಾಡಿಕೊಡುವುದಕ್ಕೆ ಭಾರತದ ವೀಸಾ ಬೇಕಿಲ್ಲ. ಅದನ್ನು ನೌಕರಿಯಾಗಿ ತೋರಿಸದೆ, ಸ್ವತಂತ್ರ ತಜ್ಞರ ಸೇವೆಯೆಂದು ಬೇರೆಯೇ ಕರಾರು ಬರೆಯಿರಿ. ಹೊರದೇಶದಿಂದ ಪಡೆದ ಸೇವೆಯಾದ್ದರಿಂದ ಶೇ. 18 ಜಿಎಸ್‌ಟಿಯನ್ನು ನೀವೇ ಕಟ್ಟಬೇಕು. ನೀವು ನೋಂದಾಯಿತರಾಗಿದ್ದು ನಿಮ್ಮ ಮಾರಾಟಕ್ಕೂ ಜಿಎಸ್‌ಟಿ ಇದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಮರಳಿ ಪಡೆಯಬಹುದು. ಹಣ ಕಳಿಸುವಾಗ ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆ ಬರುತ್ತದೆ. ಭಾರತಕ್ಕೂ ಪೋರ್ಚುಗಲ್‌ಗೂ ಎರಡೆರಡು ತೆರಿಗೆ ತಪ್ಪಿಸುವ ಒಪ್ಪಂದವಿರುವುದರಿಂದ, ಅವರು ಅಲ್ಲಿಯ ತೆರಿಗೆ ನಿವಾಸಿಯೆಂಬ ಪ್ರಮಾಣಪತ್ರವನ್ನು ತರಿಸಿಕೊಂಡ ಮೇಲೆಯೇ ಮೊದಲ ಪಾವತಿ ಮಾಡಿರಿ. ವೀಸಾ ಬಂದು ನೌಕರಿಗೆ ಸೇರುವ ದಿನ ಈ ಕರಾರು ಮುಗಿದಿರಬೇಕು.

ಉತ್ತರ 1ರವರಿಂದ

ನೋಂದಣಿಗೆ ಓಡಾಟ ಬಹಳವಿಲ್ಲ. 180 ದಿನಕ್ಕಿಂತ ಹೆಚ್ಚಿನ ಉದ್ಯೋಗ ವೀಸಾದ ಮೇಲೆ ಬಂದವರು, ಬಂದ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. 2018ರಿಂದ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಶಿರಸಿಯಿಂದಲೇ ಅರ್ಜಿ ತುಂಬಿ ಕಾಗದಗಳನ್ನು ಏರಿಸಬಹುದು, ಖುದ್ದಾಗಿ ಬರಲು ಕರೆದರೆ ಮಾತ್ರ ಹೋಗಬೇಕು. ಅಲ್ಲಿ ವಾಸದ ವಿಳಾಸಕ್ಕೆ ಆಧಾರ ಕೇಳುತ್ತಾರೆ, ಗೋಕರ್ಣದವರು ಹೇಳಿದ ಸಿ ಫಾರಂ ಆಗ ಕೆಲಸಕ್ಕೆ ಬರುತ್ತದೆ. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಪೋಲೀಸ್ ವರಿಷ್ಠಾಧಿಕಾರಿಯವರು. ಆದ್ದರಿಂದ ಸಂದೇಹವಿದ್ದರೆ ಕಾರವಾರದ ಅವರ ಕಚೇರಿಯಲ್ಲಿ ವಿಚಾರಿಸಬಹುದು.

ಒಂದು ಮಾತು ಬಿಟ್ಟುಹೋಗಿತ್ತು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ, 1939ರ ಮತ್ತು 1946ರ ಹಳೆಯ ಕಾಯ್ದೆಗಳು ರದ್ದಾಗಿವೆ. ಅಂತರ್ಜಾಲದಲ್ಲಿ ಸಿಗುವ ಮಾದರಿ ಪತ್ರಗಳಲ್ಲಿ ಇನ್ನೂ ಹಳೆಯ ಕಾಯ್ದೆಗಳ ಹೆಸರಿರುತ್ತದೆ. ನಿಮ್ಮ ಮುಚ್ಚಳಿಕೆ ಪತ್ರದಲ್ಲಿ ಅದನ್ನು ತಿದ್ದಿಕೊಂಡು, ಕಂಪನಿಯ ನೋಂದಣಿ ಪ್ರಮಾಣಪತ್ರ ಮತ್ತು ಸಹಿಯಾದ ಕರಾರಿನ ಪ್ರತಿಯೊಂದಿಗೆ ಅವರು ಬ್ರೆಜಿಲ್‌ಗೆ ಹೊರಡುವ ಮೊದಲೇ ಕಳಿಸಿಕೊಡಿ.