ಹೊಲದಲ್ಲಿ 40 ಮೀಟರಿಗೆ ಕೈಕೊಡುವ ರೋವರ್: ಬಾಂಬ್ ಪತ್ತೆ ವಾಹನದ ಮಾದರಿ, ಸಹಾಯ ಬೇಕು

ಸಪ್ತಾಪುರ ರೋವರ್ (ಭಾನುವಾರ, ರಾತ್ರಿ 9:50)

ಮೂರು ವಾರದಿಂದ ಒದ್ದಾಡುತ್ತಿದ್ದೇನೆ, ಇನ್ನು ತಾಳ್ಮೆ ಉಳಿದಿಲ್ಲ. ಮನೆಯಲ್ಲಿ ಓಡುತ್ತದೆ, ಕಾಲೇಜಿನ ಮೈದಾನದಲ್ಲಿ ಓಡುತ್ತದೆ, ಸೋದರಮಾವನ ಹೊಲಕ್ಕೆ ಒಯ್ದರೆ ಮಾತ್ರ ಸರಿಯಾಗಿ 40 ಮೀಟರಿಗೆ ಕೈಕೊಡುತ್ತದೆ. ಮೊಬೈಲ್ ಪರದೆಯ ಮೇಲಿನ ಚಿತ್ರ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮರಳುತ್ತದೆ. ಇಂದಂತೂ ಚಿತ್ರ ನಿಂತ ಮೇಲೂ ಗಾಡಿ ಸುತ್ತು ಹಾಕುತ್ತಲೇ ಇತ್ತು. ನಾನು ಓಡಿ ಹೋಗಿ ಹಿಡಿಯುವಷ್ಟರಲ್ಲಿ ಬದು ಹತ್ತಿ ಮಗುಚಿ ಬಿತ್ತು, ಕ್ಯಾಮೆರಾದ ಕತ್ತು ಮುರಿಯಿತು.

ಇದು ಬಾಂಬ್ ಪತ್ತೆ ವಾಹನದ ಮಾದರಿ. ಮುಂದಿನ ತಿಂಗಳು ಕಾಲೇಜಿನಲ್ಲಿ ಪ್ರದರ್ಶನವಿದೆ. ಆದರೆ ನನಗೆ ಪ್ರದರ್ಶನಕ್ಕಿಂತ ಮಾವ ಮುಖ್ಯ. ಅವರು ಸೈನ್ಯದ ಇಂಜಿನಿಯರ್ ದಳದಲ್ಲಿದ್ದವರು, ನೆಲಬಾಂಬಿಗೆ ಎಡಪಾದ ಕೊಟ್ಟು ಊರಿಗೆ ಬಂದವರು. ಅವರ ಕಣ್ಣೆದುರು ಇದು ಓಡಬೇಕು.

ಸಾಮಾನು ಎಲ್ಲ ಮಾಮೂಲಿಯದೇ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಕ್ಯಾಮೆರಾ, ವೈಫೈ, ಮೋಟಾರ್ ನಡೆಸುವ ಆರ್ಡುಯಿನೋ ನ್ಯಾನೋ ಬೋರ್ಡ್, ಎರಡು ಮೋಟಾರ್, ಟ್ಯಾಂಕಿಗೆ ಇರುವಂತೆ ಗಾಲಿಗಳ ಸುತ್ತ ರಬ್ಬರ್ ಪಟ್ಟಿ, 12 ವೋಲ್ಟ್ ಬ್ಯಾಟರಿ. ಏನು ಮಾಡಲಿ?

ಉಣಕಲ್ ಆಂಟೆನಾ (ರಾತ್ರಿ 10:05)

40 ಮೀಟರ್ ಎಂದ ಕೂಡಲೇ ಉತ್ತರ ಸಿಕ್ಕಿತು. ಪೈ ಒಳಗಿನ ಆಂಟೆನಾ ಬೋರ್ಡಿನಲ್ಲೇ ಅಡಕವಾಗಿರುವ ಸಣ್ಣದು. ಅದನ್ನು ಕಬ್ಬಿಣದ ಚೌಕಟ್ಟಿನೊಳಗೆ, ನೆಲದಿಂದ ಗೇಣು ಎತ್ತರದಲ್ಲಿ ಇಟ್ಟರೆ ಸಿಗ್ನಲ್ ಎಲ್ಲಿಂದ ಬರಬೇಕು? ಹೊರ ಆಂಟೆನಾ ಇರುವ ಯುಎಸ್‌ಬಿ ವೈಫೈ ಹಾಕಿ, ಒಂದು ಮೀಟರ್ ಕೋಲಿನ ಮೇಲೆ ಏರಿಸಿ. ಮುಗಿಯಿತು.

ಸಪ್ತಾಪುರ ರೋವರ್ (ಸೋಮವಾರ, ಸಂಜೆ 7:30)

ಹಾಕಿದೆ ಸರ್. 650 ರೂಪಾಯಿ ಹೋಯಿತು. ಮತ್ತೆ ಅದೇ 40 ಮೀಟರ್.

ಉಣಕಲ್ ಆಂಟೆನಾ (ಸಂಜೆ 7:41)

ಹಾಗಾದರೆ ಚಾನೆಲ್ ಬದಲಿಸಿ. 1, 6, 11 ಮೂರನ್ನೂ ನೋಡಿ. ಹೊಲದ ಹತ್ತಿರ ಹೈಟೆನ್ಷನ್ ತಂತಿ ಹಾದುಹೋಗಿದೆಯೇ? ವೈಫೈ ಕೈಬಿಟ್ಟು 865ರಿಂದ 867 ಮೆಗಾಹರ್ಟ್ಸ್‌ನ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳುಹಿಸುವ ರೇಡಿಯೋ) ಹಾಕಿದರೆ ಇನ್ನೂ ಒಳ್ಳೆಯದು. ನಮ್ಮ ದೇಶದಲ್ಲಿ ಮಿತಿಯೊಳಗಿನ ಶಕ್ತಿಗೆ ಪರವಾನಗಿ ಬೇಡ. ನಾನು ನೃಪತುಂಗ ಬೆಟ್ಟದ ಮೇಲಿನಿಂದ ನಮ್ಮ ಮನೆಯ ಮಾಳಿಗೆಗೆ ಅದರಲ್ಲೇ ಮಳೆಮಾಪಕದ ಅಂಕಿ ತರಿಸುತ್ತೇನೆ. ಯಾಗಿ ಆಂಟೆನಾ ನಾನೇ ಕೊಯ್ದು ಮಾಡಿದ್ದು. ಎರಡು ವರ್ಷವಾಯಿತು, ಒಂದು ದಿನ ತಪ್ಪಿಲ್ಲ.

ಗೋಕುಲ ರಸ್ತೆ ಲೇತ್ (ಸಂಜೆ 8:10)

ಲೋರಾದಲ್ಲಿ ವಿಡಿಯೋ ಹೋಗುವುದಿಲ್ಲ, ಹುಡುಗನ ದಾರಿ ತಪ್ಪಿಸಬೇಡಿ. ಅಲ್ಲದೆ ಬಾಂಬ್ ಪತ್ತೆ ವಾಹನ ಎನ್ನುತ್ತೀರಿ, ನಮ್ಮ ಸೈನ್ಯದ ಬಾಂಬ್ ನಿಷ್ಕ್ರಿಯ ವಾಹನ ದಕ್ಷ್‌ನ ಮಾದರಿ ಇರಬೇಕು. ಹಾಗಿದ್ದರೆ ಪಟ್ಟಿ ಏಕೆ ಹಾಕಿದಿರಿ? ದಕ್ಷ್ ಗಾಲಿಯ ಮೇಲೆ ಓಡುತ್ತದೆ.

ಉಣಕಲ್ ಆಂಟೆನಾ (ಸಂಜೆ 8:16)

ದಕ್ಷ್ ಮೆಟ್ಟಿಲು ಹತ್ತುತ್ತದೆ. ಪಟ್ಟಿಯಿಲ್ಲದೆ ಮೆಟ್ಟಿಲು ಹೇಗೆ ಹತ್ತುತ್ತದೆ?

ಗೋಕುಲ ರಸ್ತೆ ಲೇತ್ (ಸಂಜೆ 8:31)

ಗಾಲಿಯ ಮೇಲೆಯೇ ಹತ್ತುತ್ತದೆ. ಪುಣೆಯ ಡಿಆರ್‌ಡಿಒ ಪ್ರಯೋಗಾಲಯದಲ್ಲಿ ಆದದ್ದು, 2011ರಲ್ಲಿ ಸೈನ್ಯಕ್ಕೆ ಕೊಟ್ಟರು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು ಮೂರು ತಾಸು ಕೆಲಸ, ಸುಮಾರು 500 ಮೀಟರ್ ದೂರದಿಂದ ನಿಯಂತ್ರಣ. ಸಂಶಯದ ಚೀಲವನ್ನು ಅಲ್ಲೇ ಎಕ್ಸ್‌ರೇ ತೆಗೆದು ನೋಡುತ್ತದೆ, ನೀರಿನ ಧಾರೆಯನ್ನು ರಭಸದಿಂದ ಹೊಡೆದು ಬಾಂಬನ್ನು ನಿಷ್ಕ್ರಿಯ ಮಾಡುತ್ತದೆ. ನಿಮ್ಮ ತಲೆಯಲ್ಲಿರುವುದು ಮುಂತ್ರಾ ಎಂಬ ಬೇರೆಯೇ ಮಾನವರಹಿತ ವಾಹನ. ಅದು 2017ರಲ್ಲಿ ಚೆನ್ನೈ ಹತ್ತಿರದ ಆವಡಿಯಲ್ಲಿ ತೋರಿಸಿದ್ದು. ಅದಕ್ಕೆ ಪಟ್ಟಿ ಇದೆ, ಏಕೆಂದರೆ ಅದರ ಒಡಲೇ ಬಿಎಂಪಿ ಕವಚವಾಹನದ್ದು. ಕಣ್ಗಾವಲಿಗೆ ಒಂದು, ನೆಲಬಾಂಬ್ ಪತ್ತೆಗೆ ಒಂದು, ಅಣು ವಿಕಿರಣ ಇರುವಲ್ಲಿಗೆ ಒಂದು, ಹೀಗೆ ಮೂರು ಬಗೆ. ಎರಡನ್ನೂ ಒಂದೇ ಗಂಟು ಕಟ್ಟಬೇಡಿ.

ಹಾವೇರಿ ಕೋಡ್ (ಸಂಜೆ 8:50)

ಮನುಷ್ಯ ದೂರದಲ್ಲಿ ಕುಳಿತು ನಡೆಸುವುದನ್ನು ರೋಬೋಟ್ ಎನ್ನಬಹುದೇ? ತಾನೇ ನಿರ್ಧಾರ ಮಾಡಿದರೆ ಮಾತ್ರ ರೋಬೋಟ್ ಎಂಬುದು ನನ್ನ ವಾದ.

ಕುಂದಗೋಳದ ಸ್ಯಾಪರ್ (ರಾತ್ರಿ 9:15)

ಹೆಸರಿನ ಜಗಳ ಆಮೇಲೆ ಮಾಡೋಣ. 2001-02ರ ಪರಾಕ್ರಮ ಕಾರ್ಯಾಚರಣೆಯಲ್ಲಿ ಹೂತ ನೆಲಬಾಂಬ್‌ಗಳನ್ನು ರಾಜಸ್ಥಾನದ ಗಡಿಯಲ್ಲಿ ಹೊರತೆಗೆದವರಲ್ಲಿ ನಾನೂ ಒಬ್ಬ. ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು 30 ಡಿಗ್ರಿ ಓರೆಯಲ್ಲಿ ಹಿಡಿದು, ಬೆರಳಗಲ ಬೆರಳಗಲ ಚುಚ್ಚುತ್ತಾ ಮುಂದೆ ಸರಿಯಬೇಕಿತ್ತು. ಸಲಾಕೆ ಗಟ್ಟಿಯಾದದ್ದಕ್ಕೆ ತಾಗಿದಾಗ ಕೈಯಲ್ಲಿ ಆಗುವ ಆ ಸಣ್ಣ ತಡೆ ನನಗೆ ಇಂದಿಗೂ ನೆನಪಿದೆ. ಆ ಜಾಗಕ್ಕೆ ಮನುಷ್ಯನ ಬದಲು ಯಂತ್ರ ಹೋದರೆ ಸಾಕು, ನೀವು ಅದನ್ನು ಏನೆಂದು ಬೇಕಾದರೂ ಕರೆಯಿರಿ.

ತಮ್ಮಾ, ಎಲ್ಲರೂ ಚಿತ್ರ ಹೋದದ್ದನ್ನೇ ಹಿಡಿದು ಕುಳಿತಿದ್ದಾರೆ. ಚಿತ್ರ ಹೋದ ಮೇಲೂ ಗಾಡಿ ನಡೆಯುತ್ತಲೇ ಇತ್ತು ಎಂದು ನೀನು ಬರೆದಿದ್ದೀಯ. ನನಗೆ ನಿದ್ದೆ ಕೆಡಿಸುವ ಮಾತು ಅದು. ಕೈತಪ್ಪಿದ ಯಂತ್ರ ತಾನಾಗಿಯೇ ನಿಲ್ಲಬೇಕು. ನಿನ್ನೆ ಬದುವಿಗೆ ಬಡಿಯಿತು, ಎದುರಿಗೆ ಬದುವಿನ ಬದಲು ಬಾಂಬ್ ಇದ್ದಿದ್ದರೆ?

ಉಣಕಲ್ ಆಂಟೆನಾ (ರಾತ್ರಿ 9:22)

ಸಿಗ್ನಲ್ ಗಟ್ಟಿ ಮಾಡಿದರೆ ಕೈತಪ್ಪುವ ಪ್ರಶ್ನೆಯೇ ಬರುವುದಿಲ್ಲ ಸರ್.

ಕುಂದಗೋಳದ ಸ್ಯಾಪರ್ (ರಾತ್ರಿ 9:40)

ಬರುತ್ತದೆ. ರೇಡಿಯೋದಿಂದ ಸಿಡಿಸುವ ಬಾಂಬ್ ಇರಬಹುದೆಂದು ತಂಡದವರೇ ಜಾಮರ್ ಹಚ್ಚುತ್ತಾರೆ. ಆಗ ನಮ್ಮ ವಾಹನದ ಕಿವಿಯೂ ಕಿವುಡಾಗುವ ಅಪಾಯ ಇರುತ್ತದೆ. ಅದಕ್ಕೇ ಇಂಥ ಅನೇಕ ವಾಹನಗಳಿಗೆ ತೆಳುವಾದ ಆಪ್ಟಿಕಲ್ ಫೈಬರ್ ಸುರುಳಿ ಇರುತ್ತದೆ, ಮುಂದೆ ಹೋದಂತೆ ಬಿಚ್ಚಿಕೊಳ್ಳುತ್ತದೆ. ತಂತಿ ಎಳೆದುಕೊಂಡು ಹೋಗುವುದು ಹಳೆಯ ಉಪಾಯ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗೋಲಿಯಾತ್ ಎಂಬ ಪುಟ್ಟ ಪಟ್ಟಿಗಾಡಿಯೂ ತಂತಿಯಲ್ಲೇ ನಡೆಯುತ್ತಿತ್ತು. 1972ರಲ್ಲಿ ಬ್ರಿಟಿಷ್ ಸೈನ್ಯ ಉತ್ತರ ಐರ್ಲೆಂಡ್‌ಗೆಂದು ಮಾಡಿದ ವೀಲ್‌ಬ್ಯಾರೋ ಶುರುವಾದದ್ದು ಬ್ಯಾಟರಿಯಿಂದ ಓಡುವ ತೋಟದ ಕೈಗಾಡಿಯೊಂದರಿಂದ. ಸರಳವಾಗಿದ್ದರೂ ಅದು ಉಳಿಸಿದ ಜೀವಗಳು ಬಹಳ.

ಬೆಟಗೇರಿ ವೈಂಡಿಂಗ್ (ರಾತ್ರಿ 10:30)

ಅಂಗಡಿ ಮುಚ್ಚಿ ಈಗ ಓದಿದೆ. ಮೂರೇ ಪ್ರಶ್ನೆ. ಚಿತ್ರ ಮರಳಿ ಬರಲು ಎಷ್ಟು ಸೆಕೆಂಡು? ಪ್ರತಿ ಸಲವೂ ಗಾಡಿ ತಿರುಗುವಾಗಲೇ ನಿಲ್ಲುತ್ತದೆಯೇ? ಹೊಲ ಯಾವ ಊರಿನದು?

ಸಪ್ತಾಪುರ ರೋವರ್ (ರಾತ್ರಿ 10:52)

ಅಣ್ಣಿಗೇರಿ ಸರ್. ಹೆಸರು ಕಿತ್ತ ಹೊಲ, ಕಡಲೆ ಇನ್ನೂ ಬಿತ್ತಿಲ್ಲ. ಸೆಕೆಂಡು ಎಣಿಸಿಲ್ಲ, ಅರ್ಧ ನಿಮಿಷದ ಮೇಲೆಯೇ ಇರಬೇಕು. ತಿರುಗುವುದು ಎಂದರೆ, ದಾರಿಯಿಂದ ನೆಟ್ಟಗೆ ಬೇವಿನ ಮರದವರೆಗೆ ಹೋಗುತ್ತೇನೆ, ಅಲ್ಲಿಂದ ಹೊಲದೊಳಕ್ಕೆ ತಿರುಗಿಸುತ್ತೇನೆ. ಆ ಮರ 40 ಮೀಟರ್ ದೂರ.

ಬೆಟಗೇರಿ ವೈಂಡಿಂಗ್ (ರಾತ್ರಿ 11:04)

ಇದನ್ನು ಮೊದಲ ದಿನವೇ ಬರೆಯಬೇಕಿತ್ತು! 40 ಮೀಟರ್ ಎಂಬುದು ದೂರವಲ್ಲ, ನೀವು ತಿರುಗಿಸುವ ಜಾಗ. ಅಣ್ಣಿಗೇರಿ ಎಂದರೆ ಅಪ್ಪಟ ಎರೆಭೂಮಿ. ಹಿಂಗಾರು ಮಳೆ ಬಿದ್ದ ಮೇಲೆ ಆ ಮಣ್ಣು ಹಿಡಿದ ಕಾಲನ್ನು ಬಿಡುತ್ತದೆಯೇ? ನಿಮ್ಮ ಕಾಲೇಜಿನ ಮೈದಾನ ಮಸಾರಿ ನೆಲ, ಅಲ್ಲಿ ಪಟ್ಟಿ ಜಾರಿಕೊಂಡು ತಿರುಗುತ್ತದೆ. ಎರೆಯಲ್ಲಿ ಅದು ಮಣ್ಣನ್ನು ಅಡ್ಡಕ್ಕೆ ದೂಡಬೇಕು. ಮೋಟಾರ್ ನಿಲ್ಲುವ ಹಂತಕ್ಕೆ ಬಂದು ಕರೆಂಟ್ ಎಳೆಯುತ್ತದೆ, ಬ್ಯಾಟರಿ ಕುಸಿಯುತ್ತದೆ, ಪೈ ಸತ್ತು ಮತ್ತೆ ಹುಟ್ಟುತ್ತದೆ. ಅರ್ಧ ನಿಮಿಷ ಎಂದಿರಲ್ಲ, ಅದು ಪೈ ಮೊದಲಿನಿಂದ ಏಳಲು ಬೇಕಾದ ಹೊತ್ತು.

ಯಾವ ಮೋಟಾರ್, ಯಾವ ಬ್ಯಾಟರಿ?

ಉಣಕಲ್ ಆಂಟೆನಾ (ರಾತ್ರಿ 11:10)

ವೈಫೈ ಕಡಿದು ಮತ್ತೆ ಜೋಡಿಸಿಕೊಳ್ಳಲೂ ಅಷ್ಟು ಹೊತ್ತು ಹಿಡಿಯಬಹುದು. ನಾನು ಒಪ್ಪುವುದಿಲ್ಲ.

ಹಾವೇರಿ ಕೋಡ್ (ರಾತ್ರಿ 11:18)

ವಾದ ಬೇಡ, ಅಳೆಯೋಣ. ಚಿತ್ರ ಮರಳಿದ ತಕ್ಷಣ ಪೈ ಒಳಗೆ ಅಪ್‌ಟೈಮ್ ಆಜ್ಞೆ ಕೊಡಿ, ಅದು ಪೈ ಚಾಲೂ ಆಗಿ ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಸಿಗ್ನಲ್ ಮಾತ್ರ ಹೋಗಿದ್ದರೆ ಬೆಳಗಿನಿಂದ ಓಡಿದ ಲೆಕ್ಕ ತೋರಿಸುತ್ತದೆ. ಸತ್ತು ಹುಟ್ಟಿದ್ದರೆ ಒಂದು ನಿಮಿಷವೂ ತೋರಿಸುವುದಿಲ್ಲ.

ಸಪ್ತಾಪುರ ರೋವರ್ (ಬುಧವಾರ, ರಾತ್ರಿ 8:20)

ಇಂದು ರಜೆ ಹಾಕಿ ಹೊಲಕ್ಕೆ ಹೋಗಿದ್ದೆ. ಅಪ್‌ಟೈಮ್ ಸೊನ್ನೆ ನಿಮಿಷ. ಮೂರು ಸಲ ತಿರುಗಿಸಿದೆ, ಮೂರು ಸಲವೂ ಸೊನ್ನೆ. ಮರದ ತನಕ ಹೋಗದೆ ದಾರಿಯ ಪಕ್ಕದಲ್ಲೇ, ಐದು ಮೀಟರಿನಲ್ಲಿ, ಹೊಲದೊಳಕ್ಕೆ ತಿರುಗಿಸಿದಾಗಲೂ ಅದೇ. ಮಾವ ಮಲ್ಟಿಮೀಟರ್ ಹಿಡಿದುಕೊಂಡು ಪಕ್ಕದಲ್ಲೇ ನಡೆದರು. ನಿಂತಾಗ 12.5 ವೋಲ್ಟ್, ನೆಟ್ಟಗೆ ಓಡುವಾಗ 11.6, ತಿರುಗುವಾಗ 6.3.

ಮೋಟಾರ್ ಎಂದರೆ ಕಾರಿನ ವೈಪರ್ ಮೋಟಾರ್‌ಗಳು, ಗುಜರಿಯಿಂದ ತಂದವು. ಬ್ಯಾಟರಿ ಮನೆಯ ಹಳೆಯ ಯುಪಿಎಸ್‌ನಿಂದ ತೆಗೆದದ್ದು, 7 ಆಂಪಿಯರ್ ಅವರ್. ನಿಂತಾಗ 12.5 ತೋರಿಸುತ್ತಿದ್ದರಿಂದ ಅದರ ಮೇಲೆ ಅನುಮಾನವೇ ಬರಲಿಲ್ಲ.

ಬೆಟಗೇರಿ ವೈಂಡಿಂಗ್ (ರಾತ್ರಿ 8:45)

ಯುಪಿಎಸ್‌ನವರು ಎಸೆದ ಬ್ಯಾಟರಿ! ಭಾರವಿಲ್ಲದಾಗ ಅಳೆದರೆ ಸವೆದ ಬ್ಯಾಟರಿಯೂ ಹೊಸದರಂತೆ ಕಾಣುತ್ತದೆ. ಒಳಗಿನ ತಡೆ ಬೆಳೆದಿರುತ್ತದೆ, ಹೊರೆ ಬಿದ್ದಾಗಲೇ ಬಣ್ಣ ಬಯಲಾಗುವುದು. ಎರಡು ವೈಪರ್ ಮೋಟಾರ್ ಒಟ್ಟಿಗೆ ತಡೆದು ನಿಂತರೆ 30 ಆಂಪಿಯರ್ ಎಳೆಯುವುದು ದೊಡ್ಡ ಮಾತಲ್ಲ. ತಂತಿ 0.5 ಚದರ ಮಿಲಿಮೀಟರಿನದಾದರೆ, ಹೋಗಿ ಬರುವ 1.2 ಮೀಟರಿನಲ್ಲೇ ಸುಮಾರು 1.2 ವೋಲ್ಟ್ ಸೋರಿಹೋಗುತ್ತದೆ. ಉಳಿದ 6.3ರಿಂದ ವೋಲ್ಟೇಜ್ ಇಳಿಸುವ ಆ ಅಗ್ಗದ ಬಕ್ ಪರಿವರ್ತಕ 5 ವೋಲ್ಟ್ ಕೊಡಲು ಹೆಣಗುತ್ತದೆ. ಪೈ 4.63ರ ಕೆಳಗೆ ಹೋದರೆ ಎಚ್ಚರಿಕೆ ಕೊಡುತ್ತದೆ, ಇನ್ನೂ ಇಳಿದರೆ ಕಣ್ಣು ಮುಚ್ಚುತ್ತದೆ. ನ್ಯಾನೋಗೆ ಅಷ್ಟೇ ಸಾಕು, ಅದು ಬದುಕಿಯೇ ಇತ್ತು. ಕೊನೆಯ ಆಜ್ಞೆ ‘ತಿರುಗು’ ಎಂದಿತ್ತು, ಅದನ್ನೇ ಪಾಲಿಸುತ್ತಾ ಹೋಯಿತು.

ಪೈಗೆ ಬೇರೆಯೇ ಬ್ಯಾಟರಿ ಕೊಡಿ. ಮೋಟಾರಿಗೆ ಹೊಸ ಬ್ಯಾಟರಿ, 4 ಚದರ ಮಿಲಿಮೀಟರ್ ತಂತಿ.

ಗೋಕುಲ ರಸ್ತೆ ಲೇತ್ (ರಾತ್ರಿ 9:02)

ಪಟ್ಟಿಯ ಅಳತೆ ಹೇಳಿ. ನೆಲಕ್ಕೆ ತಾಗುವ ಉದ್ದ ಎಷ್ಟು, ಎರಡು ಪಟ್ಟಿಗಳ ನಡುವಿನ ಅಗಲ ಎಷ್ಟು?

ಸಪ್ತಾಪುರ ರೋವರ್ (ರಾತ್ರಿ 9:06)

ಉದ್ದ 90 ಸೆಂಟಿಮೀಟರ್, ಅಗಲ 40.

ಗೋಕುಲ ರಸ್ತೆ ಲೇತ್ (ರಾತ್ರಿ 9:25)

ಉದ್ದವನ್ನು ಅಗಲದಿಂದ ಭಾಗಿಸಿದರೆ 2.25 ಆಯಿತು. ಟ್ಯಾಂಕ್‌ಗಳಲ್ಲಿ ಈ ಅನುಪಾತವನ್ನು ಸಾಮಾನ್ಯವಾಗಿ 1.8 ದಾಟಲು ಬಿಡುವುದಿಲ್ಲ. ದಾಟಿದರೆ ನೆಟ್ಟಗೆ ಓಡುತ್ತದೆ, ತಿರುಗಲು ಮಾತ್ರ ಮೊಂಡುಬೀಳುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ಒಂದೊಂದು ಬೆರಳು ಮೇಲಕ್ಕೆತ್ತಿ, ನೆಲಕ್ಕೆ ತಾಗುವುದು 60 ಸೆಂಟಿಮೀಟರಿಗೆ ಇಳಿಯಲಿ. ಎರೆ ಅಂಟದಿರಲು ಟ್ರ್ಯಾಕ್ಟರಿನ ಡಿಸ್ಕ್ ನೇಗಿಲಿಗೆ ಇರುವಂತೆ ಹೆರೆಯುವ ಪಟ್ಟಿ ಹಚ್ಚಿ. ಶುಕ್ರವಾರ ಅಂಗಡಿಗೆ ತನ್ನಿ, ಮಾಡಿಕೊಡುತ್ತೇನೆ, ದುಡ್ಡು ಬೇಡ. ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ.

ಉಣಕಲ್ ಆಂಟೆನಾ (ರಾತ್ರಿ 9:40)

ಐದು ಮೀಟರಿನಲ್ಲೂ ನಿಂತಿತೆಂದ ಮೇಲೆ ನನ್ನ ಮಾತು ತಪ್ಪು, ಒಪ್ಪುತ್ತೇನೆ. 650 ರೂಪಾಯಿ ಖರ್ಚು ಮಾಡಿಸಿದ್ದಕ್ಕೆ ಬೇಸರವಾಗಿದೆ. ಆ ಆಂಟೆನಾ ನನಗೆ ಕೊಡಿ, ಹಣ ಕಳುಹಿಸುತ್ತೇನೆ.

ಹಾವೇರಿ ಕೋಡ್ (ರಾತ್ರಿ 10:00)

ನ್ಯಾನೋದಲ್ಲಿ ಕಾಲಮಿತಿ ಹಾಕಿ. ಪೈ ಕಡೆಯಿಂದ ಅರ್ಧ ಸೆಕೆಂಡು ಹೊಸ ಆಜ್ಞೆ ಬರದಿದ್ದರೆ ಎರಡೂ ಮೋಟಾರ್ ಬಂದ್. ಹತ್ತು ಸಾಲಿನ ಕೆಲಸ, ಬರೆದು ಕಳುಹಿಸುತ್ತೇನೆ.

ಸಪ್ತಾಪುರ ರೋವರ್ (ಮುಂದಿನ ಭಾನುವಾರ, ಸಂಜೆ 6:40)

ಓಡಿತು! ಬೇವಿನ ಮರದ ಹತ್ತಿರ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಚಿತ್ರ ಒಮ್ಮೆಯೂ ಹೋಗಲಿಲ್ಲ. ತಿರುಗುವಾಗ ಈಗ 10.9 ವೋಲ್ಟ್. ನೂರು ಮೀಟರ್ ದಾಟಿದ ಮೇಲೆ ಚಿತ್ರ ಸ್ವಲ್ಪ ತಡವರಿಸಿತು, ಆದ್ದರಿಂದ ಆಂಟೆನಾ ನಾನೇ ಇಟ್ಟುಕೊಳ್ಳುತ್ತೇನೆ ಸರ್. ಎರೆ ಇನ್ನೂ ಅಂಟುತ್ತದೆ, ಹತ್ತು ನಿಮಿಷಕ್ಕೊಮ್ಮೆ ಕೋಲಿನಿಂದ ಕೆದರಬೇಕು.

ಮಾವ ಬದುವಿನ ಮೇಲೆ ಕುಳಿತು ಮೊಬೈಲ್ ಹಿಡಿದು ತಾವೇ ನಡೆಸಿದರು. ಮಾತಾಡಲಿಲ್ಲ. ನಾನು ಮೊದಲೇ ಹೂತಿಟ್ಟಿದ್ದ ಡಬ್ಬಿಯ ಹತ್ತಿರ ಗಾಡಿ ಬಂದಾಗ ನಿಲ್ಲಿಸಿ, ಬಹಳ ಹೊತ್ತು ಪರದೆಯನ್ನೇ ನೋಡುತ್ತಾ ಕುಳಿತರು.

ಕುಂದಗೋಳದ ಸ್ಯಾಪರ್ (ಸಂಜೆ 7:15)

ಸಂತೋಷ ತಮ್ಮಾ. ಓಡುತ್ತಿರುವಾಗ ಪೈ ತಂತಿ ಕಿತ್ತು ನೋಡಿದೆಯಾ? ಎಷ್ಟು ದೂರ ಹೋಗಿ ನಿಂತಿತು?

ಸಪ್ತಾಪುರ ರೋವರ್ (ಸಂಜೆ 7:21)

ನೋಡಿದೆ ಕಾಕಾ. ಐದು ಸಲ. ಎಲ್ಲವೂ 20ರಿಂದ 25 ಸೆಂಟಿಮೀಟರಿನೊಳಗೆ.

ಕುಂದಗೋಳದ ಸ್ಯಾಪರ್ (ಸಂಜೆ 7:24)

ಇಳಿಜಾರಿನಲ್ಲಿ?

ಬೆಟಗೇರಿ ವೈಂಡಿಂಗ್ (ಸಂಜೆ 7:30)

ವೈಪರ್ ಮೋಟಾರಿನೊಳಗೆ ವರ್ಮ್ ಗೇರ್ ಇರುತ್ತದೆ. ಕರೆಂಟ್ ಹೋದರೂ ಹಿಂದಕ್ಕೆ ಉರುಳಲು ಸುಲಭವಾಗಿ ಬಿಡುವುದಿಲ್ಲ.

ಕುಂದಗೋಳದ ಸ್ಯಾಪರ್ (ಸಂಜೆ 7:33)

ಇರಲಿ, ಅಳೆದು ಹೇಳಿದರೆ ನಂಬುತ್ತೇನೆ.

ಸಪ್ತಾಪುರ ರೋವರ್ (ಸಂಜೆ 7:36)

ಇಳಿಜಾರಿನಲ್ಲಿ ನೋಡಿಲ್ಲ ಕಾಕಾ. ಕೆಲಗೇರಿ ಕೆರೆಯ ಏರಿ ಇದೆ, ಶನಿವಾರ ಅಳೆದು ಬರೆಯುತ್ತೇನೆ.