ಡೊಮೇನ್ ತಗೊಂಡಾಯ್ತು, ಹೋಸ್ಟಿಂಗ್ ಬೇರೆ ಯಾಕೆ ಬೇಕು?

ಪ್ರಶ್ನೆ:
ನಮಸ್ಕಾರ. ಸಣ್ಣದೊಂದು ವೆಬ್‌ಸೈಟ್ ಮಾಡಿದ್ದೇನೆ. ಐದಾರು ಪುಟ, ಬರೀ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್, ಲಾಗಿನ್ ಗೀಗಿನ್ ಏನೂ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಪನ್ ಆಗುತ್ತದೆ. ಡೊಮೇನ್ ಕೂಡ ತಗೊಂಡಿದ್ದೇನೆ. ಈಗ ಹೋಸ್ಟಿಂಗ್ ಬೇರೆ ಬೇಕು ಅಂತಾರೆ, ಅದರಲ್ಲೂ ಶೇರ್ಡ್, ವಿಪಿಎಸ್ ಅಂತ ಏನೇನೋ ಇದೆ. ನನ್ನ ಕಂಪ್ಯೂಟರನ್ನೇ ಸರ್ವರ್ ಮಾಡಿಬಿಟ್ಟರೆ ಆಗಲ್ವಾ?

ಉತ್ತರ 1:
ಡೊಮೇನ್ ಅಂದರೆ ಬರೀ ಹೆಸರು. ಫೈಲ್ ಇಡಲು ಅದರಲ್ಲಿ ಜಾಗ ಇರುವುದಿಲ್ಲ. ಯಾರಾದರೂ ಆ ಹೆಸರು ಟೈಪ್ ಮಾಡಿದಾಗ ಬ್ರೌಸರ್ ಮೊದಲು ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ) ಹತ್ತಿರ ಇದರ ಐಪಿ ವಿಳಾಸ, ಅಂದರೆ ಯಂತ್ರದ ಅಂಕಿಗಳ ವಿಳಾಸ, ಯಾವುದು ಅಂತ ಕೇಳುತ್ತದೆ, ವಿಳಾಸ ಸಿಕ್ಕ ಮೇಲೆ ಆ ಯಂತ್ರದ 443ನೇ ಪೋರ್ಟ್‌ಗೆ, ಅಂದರೆ ಬಾಗಿಲಿಗೆ (ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್ ಅಲ್ಲದಿದ್ದರೆ 80) ಹೋಗಿ ಪುಟ ಕೇಳುತ್ತದೆ, ಅಲ್ಲಿ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಂಥ ಪ್ರೋಗ್ರಾಂ ಹಗಲು ರಾತ್ರಿ ಕಾದಿದ್ದು ಫೈಲ್ ಕಳಿಸುತ್ತದೆ. ಹಾಗೆ ಸದಾ ಓಡುವ ಯಂತ್ರದಲ್ಲಿ ಜಾಗ ಬಾಡಿಗೆಗೆ ಕೊಡುವುದೇ ಹೋಸ್ಟಿಂಗ್.

ನಿಮ್ಮ ಕಂಪ್ಯೂಟರಿನಲ್ಲೂ ಮಾಡಬಹುದು, ಕಲಿಯಲು ಒಳ್ಳೆಯದೇ. ಆದರೆ ಅದನ್ನು ಆಫ್ ಮಾಡುವಂತಿಲ್ಲ. ಮನೆಯ ಇಂಟರ್ನೆಟ್‌ನ ಐಪಿ ಆಗಾಗ ಬದಲಾಗಬಹುದು. ಎಷ್ಟೋ ಕಡೆ ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ, ಆಗ ಹೊರಗಿನವರು ನಿಮ್ಮ ಯಂತ್ರವನ್ನು ನೇರವಾಗಿ ತಲುಪುವುದೇ ಕಷ್ಟ.

ಶೇರ್ಡ್‌ನಲ್ಲಿ ಒಂದೇ ಸರ್ವರ್‌ನಲ್ಲಿ ಬೇರೆಯವರ ಸೈಟ್‌ಗಳೂ ಇರುತ್ತವೆ, ನಿರ್ವಹಣೆ ಕಂಪನಿಯದು. ವಿಪಿಎಸ್ ಅಂದರೆ ದೊಡ್ಡ ಸರ್ವರ್‌ನೊಳಗೆ ನಿಮಗೇ ಅಂತ ಬೇರೆ ಮಾಡಿಕೊಟ್ಟ ವರ್ಚುವಲ್ ಯಂತ್ರ, ಅದರ ರೂಟ್ ಅಧಿಕಾರ (ಪೂರ್ಣ ನಿಯಂತ್ರಣ) ನಿಮ್ಮ ಕೈಗೆ ಬರುತ್ತದೆ. ಜೊತೆಗೆ ಫೈರ್‌ವಾಲ್, ಸೆಕ್ಯುರಿಟಿ ಅಪ್‌ಡೇಟ್, ಬ್ಯಾಕಪ್ ಎಲ್ಲವೂ ನಿಮ್ಮ ತಲೆಗೇ ಬರುತ್ತವೆ. ನಿಮಗೆ ಶೇರ್ಡ್ ಸಾಕು.

ಉತ್ತರ 2:
ಶೇರ್ಡ್‌ಗೂ ದುಡ್ಡು ಕೊಡಬೇಡಿ. ಬರೀ ಎಚ್‌ಟಿಎಂಎಲ್ ಪುಟಗಳಿಗೆ ಗಿಟ್‌ಹಬ್ ಪೇಜಸ್ (ಕೋಡ್ ಇಡುವ ತಾಣ ಗಿಟ್‌ಹಬ್‌ನ ಹೋಸ್ಟಿಂಗ್ ಸೇವೆ) ಧಾರಾಳವಾಗಿ ಸಾಕು. ಕೋಡ್ ಎಲ್ಲರಿಗೂ ಕಾಣುವ ರೆಪೊಸಿಟರಿಯಲ್ಲಿದ್ದರೆ (ಅಲ್ಲಿನ ಕೋಡ್ ಫೋಲ್ಡರ್) ಉಚಿತ, ಸೈಟ್ 1 ಜಿಬಿವರೆಗೆ ಇರಬಹುದು, ಸ್ವಂತ ಡೊಮೇನ್ ಹಾಕಬಹುದು, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಅವರೇ ಹಾಕಿಕೊಡುತ್ತಾರೆ. ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಮಾತ್ರ ಅಲ್ಲಿ ಓಡುವುದಿಲ್ಲ. ಮುಂದೆ ವರ್ಡ್‌ಪ್ರೆಸ್ (ಪಿಎಚ್‌ಪಿಯಲ್ಲಿ ಬರೆದ, ಸೈಟ್ ನಡೆಸುವ ಸಾಫ್ಟ್‌ವೇರ್) ಬೇಕೆನಿಸಿದರೆ ಅದಕ್ಕೆ ಡೇಟಾಬೇಸೂ ಬೇಕು, ಆಗ ಶೇರ್ಡ್ ನೋಡಿ. ಡೊಮೇನ್ ನಿಮ್ಮದೇ ಇಮೇಲ್‌ನ ಖಾತೆಯಲ್ಲಿ ಇರಲಿ, ಹೋಸ್ಟಿಂಗ್ ಯಾವಾಗ ಬೇಕಾದರೂ ಬದಲಿಸಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಗಿಟ್‌ಹಬ್‌ಗೆ ಹಾಕಿ, ಡೊಮೇನ್‌ನ ಎ ರೆಕಾರ್ಡ್ (ಹೆಸರಿಗೆ ಐಪಿ ಸೂಚಿಸುವ ಡಿಎನ್‌ಎಸ್ ನಮೂದು) ಬದಲಿಸಿದೆ. ಮೊಬೈಲ್ ಡೇಟಾದಲ್ಲಿ ಹೊಸ ಸೈಟ್ ಬರುತ್ತಿದೆ. ಕಂಪ್ಯೂಟರಿನಲ್ಲಿ ಇನ್ನೂ ಡೊಮೇನ್ ಕಂಪನಿಯ ಪುಟವೇ ಕಾಣುತ್ತಿದೆ. ಒಂದು ಫೋಟೋಗೆ 404 ಬೇರೆ.

ಉತ್ತರ 1:
ಮೊದಲನೆಯದಕ್ಕೆ ಸುಮ್ನೆ ಕಾಯಿರಿ. ರೆಕಾರ್ಡ್ ಪಕ್ಕದಲ್ಲಿ ಟಿಟಿಎಲ್ ಅಂತ ಇರುತ್ತದಲ್ವಾ, ಅದು ಸೆಕೆಂಡ್ ಲೆಕ್ಕ. 3600 ಇದ್ದರೆ ಹಳೆಯ ಉತ್ತರವನ್ನು ಒಂದು ಗಂಟೆ ನೆನಪಿಟ್ಟುಕೊಳ್ಳಬಹುದು ಅಂತ. ನಿಮ್ಮ ಕಂಪ್ಯೂಟರ್ ಕಡೆಯ ಡಿಎನ್‌ಎಸ್ ಹಳೆಯದನ್ನೇ ಹಿಡಿದುಕೊಂಡಿದೆ.

404 ಬಂದರೆ ಡಿಎನ್‌ಎಸ್ ಕೆದಕಬೇಡಿ. ಸರ್ವರ್ ಸಿಕ್ಕಿದೆ, ಆ ಹೆಸರಿನ ಫೈಲ್ ಸಿಕ್ಕಿಲ್ಲ ಅಂತ ಅರ್ಥ. ಫೋಟೋದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ನೋಡಿ. ವಿಂಡೋಸ್ ಸಾಮಾನ್ಯವಾಗಿ ಆ ವ್ಯತ್ಯಾಸ ನೋಡುವುದಿಲ್ಲ, ಗಿಟ್‌ಹಬ್ ಪೇಜಸ್‌ನಲ್ಲಿ ನೋಡುತ್ತಾರೆ. ಹೆಸರು ಸರಿ ಇದ್ದರೂ ಬರದಿದ್ದರೆ ಎಚ್‌ಟಿಎಂಎಲ್‌ನ ಆ ಸಾಲು ಇಲ್ಲಿ ಹಾಕಿ, ನೋಡೋಣ.